ಜೆಟ್ಟಿಯಿಂದ ಮನೆಯವರೆಗಿನ ರಸ್ತೆ

ಇಂಥ ಕತೆಗಳನ್ನು ಯಾರಾದರೂ ಹೇಳತೊಡಗಿದರೆ, ಆವತ್ತು ಹೊಟ್ಟೆಗೆ ಏನಾದರೂ ತಿಂದಿದ್ದಿರಾ ಎಂದು ಕೇಳುವವನು ನಾನು. ಮೂವತ್ತಮೂರು ವರ್ಷ ವಿಕ್ರೋಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ ಮಾಡಿದೆ. ಅಲ್ಲಿ ಒಂದು ಬೋಲ್ಟು ಕಾಣದಿದ್ದರೆ ಅದು ಮಾಯವಾಯಿತೆಂದು ಯಾರೂ ಬರೆದುಕೊಳ್ಳುವುದಿಲ್ಲ, ಸಿಗುವ ತನಕ ಹುಡುಕುತ್ತಾರೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾವು ವಿಜಯಪುರದ ಕಡೆಯವರು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗ ಪ್ರತಿವರ್ಷ ದೀಪಾವಳಿ ಮುಗಿದ ವಾರ ನಾನು, ಹೆಂಡತಿ ಗಿರಿಜಾ, ಮಗಳು ಮೂವರೂ ಮನೋರಿಗೆ ಹೋಗುತ್ತಿದ್ದೆವು. ಮಲಾಡ್ ಸ್ಟೇಶನ್ನಿನಿಂದ ಬಸ್ಸಿನಲ್ಲಿ ಮಾರ್ವೆ, ಅಲ್ಲಿ ಬೋಟು ಹತ್ತಿ ಖಾಡಿ, ಅಂದರೆ ನೆಲದೊಳಕ್ಕೆ ಚಾಚಿದ ಸಮುದ್ರದ ಹಿನ್ನೀರು, ದಾಟಿದರೆ ಮನೋರಿ. ನಾಲ್ಕು ದಿನ ಒಂದು ಬಾಡಿಗೆ ಕೋಣೆ, ಸಮುದ್ರ, ಮಧ್ಯಾಹ್ನದ ನಿದ್ದೆ. ಹದಿನೆಂಟು ವರ್ಷ ಇದು ತಪ್ಪಲಿಲ್ಲ. ಹಿಂದಿರುಗುವ ಬೋಟಿನಲ್ಲಿ ನಾನು ಪ್ರತಿಸಲವೂ, ರಿಟೈರ್ ಆದಮೇಲೆ ಇಲ್ಲೇ ಬಂದು ಇದ್ದುಬಿಡೋಣ ಎನ್ನುತ್ತಿದ್ದೆ. ಗಿರಿಜಾ ಏನೂ ಹೇಳುತ್ತಿರಲಿಲ್ಲ. ಅದನ್ನು ನಾನು ಒಪ್ಪಿಗೆಯೆಂದುಕೊಂಡೆ.

ಕ್ವಾರ್ಟರ್ಸ್ ಬಿಡುವ ಕಾಲ ಬಂದಾಗ ಅವಳು ನಗರದ ನಡುವಿನ ಮಾಟುಂಗದ ಹೆಸರೆತ್ತಿದಳು. ಅಲ್ಲಿ ಅವಳ ತಂಗಿ ಇದ್ದಳು, ದೇವಸ್ಥಾನವಿತ್ತು, ಕನ್ನಡ ಮಾತಾಡುವ ನಾಲ್ಕು ಜನರಿದ್ದರು. ನಾನು ಹಟ ಹಿಡಿದು ಮನೋರಿಯಲ್ಲಿ ಹೊಸದಾಗಿ ಕಟ್ಟಿದ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ ಕೊಂಡೆ.

ವರ್ಷ ತುಂಬುವುದರೊಳಗೆ ಉಪ್ಪುಗಾಳಿಗೆ ಫ್ರಿಜ್ಜಿನ ಹಿಂಬದಿ ತುಕ್ಕು ಹಿಡಿದು ಉದುರಿತು. ನೀರು ದಿನ ಬಿಟ್ಟು ದಿನ. ಶನಿವಾರ ಬಂತೆಂದರೆ ಊರಿಡೀ ಪಿಕ್ನಿಕ್ಕಿನವರು, ಸ್ಪೀಕರು, ಖಾಲಿ ಬಾಟಲಿ. ರಿಕ್ಷಾದವರಿಗೆ ರೆಸಾರ್ಟಿನ ಗಿರಾಕಿ ಬೇಕು; ಚೀಲ ಹಿಡಿದು ನಿಂತ ನಮ್ಮಂಥವರನ್ನು ಕಂಡರೂ ಕಾಣದಂತೆ ಹೋಗುತ್ತಿದ್ದರು. ಪ್ಲಂಬರನ್ನು ಕರೆಸಬೇಕಾದರೂ ಖಾಡಿಯ ಆಚೆಯಿಂದ. ಅವನು ನಾಳೆ ಎನ್ನುತ್ತಿದ್ದ, ಆ ನಾಳೆ ಬರುತ್ತಿರಲಿಲ್ಲ. ಎಲ್ಲದರ ಮೇಲೂ ನನಗೆ ಸಿಟ್ಟು. ಆದರೆ ಇದು ನಾನೇ ಹಟ ಮಾಡಿ ತಂದುಕೊಂಡದ್ದು. ಬೈಯಲು ಬೇರೆ ಯಾರೂ ಇಲ್ಲದ್ದರಿಂದ ಸಿಟ್ಟು ಇನ್ನೂ ಹೆಚ್ಚುತ್ತಿತ್ತು.

ಎರಡನೆಯ ವರ್ಷದ ಒಂದು ಶನಿವಾರ. ಗಿರಿಜಾಳಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಬೆಳಿಗ್ಗೆ ನೋಡಿದರೆ ಮುಗಿದುಹೋಗಿದೆ. ಊರಿನ ಅಂಗಡಿಯಲ್ಲಿ ಅದು ಇರಲಿಲ್ಲ. ಮಾಟುಂಗದಾಗ ಇದ್ದಿದ್ರ ಕೆಳಗ ಇಳದಕೂಡ್ಲೇ ಸಿಗ್ತಿತ್ತು ಎಂದಳು. ಅಷ್ಟೇ ಮಾತು. ನಾನು ಬಾಗಿಲು ದಬ್ಬಿ ಹೊರಬಿದ್ದೆ.

ಮಲಾಡಿನಲ್ಲಿ ಔಷಧ ಸಿಕ್ಕಿತು. ಅಂಗಡಿಯವನು ಐಸ್ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೊಟ್ಟ. ಮನೋರಿಯ ಜೆಟ್ಟಿಯಲ್ಲಿ ಬೋಟಿನಿಂದ ಇಳಿದಾಗ ಗಂಟೆ ಒಂದೂಕಾಲು. ರಿಕ್ಷಾ ಸಿಗಲಿಲ್ಲ. ನಡೆದೆ.

ಆ ರಸ್ತೆಯನ್ನು ಸರಿಯಾಗಿ ತಿಳಿದುಕೊಳ್ಳಿ. ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು, ಎಲ್ಲೂ ಕವಲಿಲ್ಲ. ಮೊದಲು ಬಿಳಿ ಬಣ್ಣದ ಒಂದು ಶಿಲುಬೆ, ಆಮೇಲೆ ಮೀನು ಒಣಹಾಕುವ ಬಿದಿರ ಗಳಗಳು, ಕೊನೆಗೆ ಒಂದೇ ಒಂದು ತಿರುವು. ತಿರುಗಿದರೆ ಎದುರಿಗೇ ನಮ್ಮ ಗೇಟು. ನಾನು ಶಿಲುಬೆ ದಾಟಿದೆ, ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೆ, ತಿರುವಿನಲ್ಲಿ ತಿರುಗಿದೆ. ಎದುರಿಗೆ ಜೆಟ್ಟಿ ಇತ್ತು. ಬೋಟು, ಟಿಕೆಟಿಗೆ ನಿಂತ ಜನ, ಕುಂದಾಪುರದ ಶೀನಣ್ಣನ ಚಾದಂಗಡಿ.

ತಲೆ ತಿರುಗಿರಲಿಲ್ಲ, ಕಣ್ಣು ಕತ್ತಲೆ ಬಂದಿರಲಿಲ್ಲ. ಸಿಟ್ಟಿನ ಭರದಲ್ಲಿ ಎಲ್ಲೋ ಹಿಂದಕ್ಕೆ ತಿರುಗಿಬಿಟ್ಟಿರಬೇಕು ಎಂದುಕೊಂಡು ಮತ್ತೆ ಹೊರಟೆ. ಈ ಸಲ ಒಂದೊಂದನ್ನೂ ನೋಡಿಕೊಂಡು, ಶಿಲುಬೆಯನ್ನು ಕೈಯಿಂದ ಮುಟ್ಟಿ ನಡೆದೆ. ತಿರುವಿನಾಚೆ ಮತ್ತೆ ಜೆಟ್ಟಿ. ಚಪ್ಪಲಿಯ ಪಟ್ಟಿ ಉಜ್ಜಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು. ಐಸ್ ಅರ್ಧ ಕರಗಿತ್ತು. ಮೂರನೆಯ ಸಲ ರಸ್ತೆಗೆ, ಊರಿಗೆ, ಮನೆ ಕಟ್ಟಿದವನಿಗೆ, ಎಲ್ಲರಿಗೂ ಬಾಯಿಬಿಟ್ಟು ಬೈಯುತ್ತ ಓಡುನಡಿಗೆಯಲ್ಲಿ ಹೋದೆ. ಮೂರನೆಯ ಸಲವೂ ಜೆಟ್ಟಿಗೇ ಬಂದೆ. ಗಂಟೆ ಎರಡೂವರೆಯಾಗಿತ್ತು. ಆಗ ಮೊದಲ ಸಲ ನನಗೆ ಹೆದರಿಕೆಯಾಯಿತು. ಶೀನಣ್ಣನ ಬೆಂಚಿನ ಮೇಲೆ ಹೋಗಿ ಕುಳಿತೆ.

ಅಷ್ಟರಲ್ಲಿ ಗಿರಿಜಾಳ ಫೋನು ಬಂತು.

"ಏನ್ ನಡಿಸೀರಿ ನೀವು? ಗೇಟಿನ ತನಕಾ ಬರ್ತೀರಿ, ಹೊಳ್ಳಿ ಹೋಗ್ತೀರಿ. ಈಗ ಮೂರನೇ ಸಲ."

"ನಾ ಗೇಟಿಗೆ ಬಂದಿದ್ದೆನ?"

"ಬಾಲ್ಕನ್ಯಾಗ ನಿಂತು ನೋಡೀನಿ. ಕೈಯಾಗ ಔಷಧದ ಚೀಲ ಐತಿ."

ನಾನು ಜೆಟ್ಟಿಯಲ್ಲಿದ್ದೇನೆ, ಮನೆ ಸಿಗುತ್ತಿಲ್ಲ ಎಂದೆ. ಅವಳು, ಅಲ್ಲೇ ಕೂಡ್ರಿ, ಏಳಬ್ಯಾಡ್ರಿ, ನಾ ಬರ್ತೀನಿ ಎಂದಳು.

ಮಾತು ಕೇಳಿಸಿಕೊಂಡ ಶೀನಣ್ಣ ಕೈಯಲ್ಲಿ ಗ್ಲಾಸು ಹಿಡಿದು ಹತ್ತಿರ ಬಂದರು. "ನೀವು ಎಲ್ಲಿಗೆ ಹೋದದ್ದು ಮಾರಾಯ್ರೆ? ಬೋಟಿಂದ ಇಳಿದವರು ಈ ಬೆಂಚಲ್ಲೇ ಕೂತಿದ್ರಲ್ಲ. ಚಾ ಬೇಕಾ ಅಂತ ನಾನೇ ಎರಡು ಸರ್ತಿ ಕೇಳಿದೆ. ನೀವು ಮಾತಾಡಲಿಲ್ಲ." ಅವರು ತಮಾಷೆ ಮಾಡುವ ಮನುಷ್ಯರಲ್ಲ. ನಾನು ಅವರಿಗೆ ಕಾಲಿನ ಬೊಕ್ಕೆ ತೋರಿಸಿದೆ. ಅವರು ಅದನ್ನೂ ನನ್ನ ಮುಖವನ್ನೂ ನೋಡಿ ಒಳಗೆ ಹೋದರು.

ಗಿರಿಜಾ ಜೆಟ್ಟಿಯ ಕಡೆ ಹೊರಟಿದ್ದ ಖಾಲಿ ರಿಕ್ಷಾ ಹಿಡಿದು ಬಂದಳು. ಬೆಳಗಿನಿಂದ ಉಂಡಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು. ನನ್ನ ಕೈ ಹಿಡಿದು ಅದೇ ರಿಕ್ಷಾದಲ್ಲಿ ಕೂರಿಸಿದಳು. ಶಿಲುಬೆ, ಗಳಗಳು, ತಿರುವು, ಗೇಟು. ಐದು ನಿಮಿಷ. ಚೀಲದಲ್ಲಿ ಐಸ್ ಪೂರ್ತಿ ನೀರಾಗಿತ್ತು, ಔಷಧ ಮಾತ್ರ ಇನ್ನೂ ತಣ್ಣಗಿತ್ತು.

ಪವಾಯಿಯಲ್ಲಿರುವ ಮಗಳು ಮರುದಿನವೇ ಬಂದು ನನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ತಲೆಯ ಸ್ಕ್ಯಾನ್ ಮಾಡಿದರು, ರಕ್ತ ನೋಡಿದರು, ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದರು. ಎಲ್ಲ ಸರಿಯಾಗಿತ್ತು. ಬಿಸಿಲು, ಟೆನ್ಷನ್, ಇನ್ನುಮೇಲೆ ನೀರು ಜಾಸ್ತಿ ಕುಡಿಯಿರಿ ಎಂದರು ಡಾಕ್ಟರು. ಬಿಸಿಲಿಗೆ ಒಬ್ಬ ಮನುಷ್ಯ ದಾರಿ ತಪ್ಪಬಹುದು. ಆದರೆ ಒಂದೇ ಮಧ್ಯಾಹ್ನ ಅವನು ಒಬ್ಬರಿಗೆ ಬೆಂಚಿನ ಮೇಲೂ ಇನ್ನೊಬ್ಬರಿಗೆ ಗೇಟಿನ ಬಳಿಯೂ ಕಾಣುತ್ತಾನೆಯೇ? ಇದನ್ನು ಕೇಳಿದರೆ ಇನ್ನೊಂದು ಸ್ಕ್ಯಾನ್ ಬರೆದಾರೆಂದು ಸುಮ್ಮನಾದೆ.

ಮುಂದಿನ ಮಳೆಗಾಲಕ್ಕೆ ಮುಂಚೆ ಮನೆ ಮಾರಿದೆವು. ಈಗ ಮಾಟುಂಗದಲ್ಲಿದ್ದೇವೆ, ಹಳೆಯ ಬಿಲ್ಡಿಂಗು, ಚಿಕ್ಕ ಮನೆ. ಕೆಳಗಿಳಿದರೆ ಔಷಧದಂಗಡಿ.

ಇಲ್ಲಿಗೆ ಬಂದು ಕೆಲವು ತಿಂಗಳಾದ ಮೇಲೆ ಒಂದು ಸಂಜೆ ನಾನು ಪೇಪರು ಓದುತ್ತಿದ್ದೆ, ಗಿರಿಜಾ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು, "ನಿಮಗ ಒಂದು ಮಾತು ಹೇಳಿರಲಿಲ್ಲ. ಅವತ್ತ ಗೇಟಿನ ಹತ್ರ ಮೂರೂ ಸಲ ಮ್ಯಾಲ ನೋಡಿದ್ರಿ. ನೋಡಿ ನಕ್ಕಿರಿ."

"ನಕ್ಕೆನ?"

"ಮನೋರ್ಯಾಗ ಮನಿ ಮಾಡಿದ ಮ್ಯಾಲ ನೀವು ಹಂಗ ನಕ್ಕಿದ್ದು ನಾ ನೋಡಿದ್ದಿಲ್ಲ. ಅದಕ್ಕ ಮೊದಲಿನ ಎರಡು ಸಲ ನಿಮ್ಮನ್ನ ಕೂಗಲಿಲ್ಲ."

ನಾನು ಪೇಪರು ಮಡಿಚಿಟ್ಟೆ. ಆ ಮಧ್ಯಾಹ್ನ ನನ್ನ ಮೈಯಲ್ಲಿ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ, ಇದನ್ನು ಯಾರ ಮುಂದಾದರೂ ಆಣೆ ಮಾಡಿ ಹೇಳುತ್ತೇನೆ. ಗಿರಿಜಾ ಸುಳ್ಳು ಹೇಳುವವಳಲ್ಲ, ಅದನ್ನೂ ಆಣೆ ಮಾಡಿ ಹೇಳುತ್ತೇನೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಏನು ಮಾಡಬೇಕೋ ನನಗೆ ಈವರೆಗೂ ತಿಳಿದಿಲ್ಲ.