ಅತ್ತೆ ಕಲಿಸಿದ ಗಂಟು

ಸುಗ್ಗಿ ಮುಗಿದ ಮೇಲೆ ಹುನಗುಂದದ ಆಚೆ ಯಾರದಾದರೂ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ತಿಂಗಳುಗಟ್ಟಲೆ ಇರುವುದು ನನ್ನ ಗಂಡನ ಮನೆಯವರ ರೂಢಿ. ಅಲ್ಲಿ ನಮಗೆ ಮನೆಯೆಂದರೆ ಎರಡು ಗಾಲಿಯ ಸಣ್ಣ ಟ್ರೇಲರು. ಮೇಲೆ ಬಿದಿರು ಬಾಗಿಸಿ ತಾಡಪತ್ರಿ ಕಟ್ಟಿದರೆ ಮುಗಿಯಿತು. ಒಳಗೆ ಹಾಸಿಗೆ, ಎಳೆಮರಿಗಳು, ಜೋಳದ ಹಿಟ್ಟಿನ ಡಬ್ಬಿ; ಎಲ್ಲಕ್ಕೂ ಕುರಿಯದೇ ವಾಸನೆ.

ಮದುವೆಯಾಗಿ ಬಂದ ವರ್ಷ ಅತ್ತೆ ನನಗೆ ಮೊದಲು ಕಲಿಸಿದ್ದು ರೊಟ್ಟಿ ಬಡಿಯುವುದನ್ನಲ್ಲ, ತಾಡಪತ್ರಿಯ ಗಂಟನ್ನು. ಒಂದು ತುದಿ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುವ ಗಂಟು. ಬೇಸಿಗೆಯ ಅಡ್ಡಮಳೆಗೆ ಗಾಳಿ ಎದ್ದರೆ ಮೊದಲು ನಾಲ್ಕೂ ಮೂಲೆ ಬಿಚ್ಚಬೇಕು, ಆಮೇಲೆ ಇಳಿದು ಬದುವಿನ ಮಗ್ಗುಲಿಗೆ ಕೂರಬೇಕು, ಮರದ ಕೆಳಗೆ ಮಾತ್ರ ಹೋಗಕೂಡದು.

"ತಾಡಪತ್ರಿ ಹೋದ್ರ ಹೋಗ್ಲಿ, ಗಾಳಿಗಿ ದಾರಿ ಬಿಡಬೇಕು" ಎನ್ನುತ್ತಿದ್ದರು.

ಹೋದ ಬೇಸಿಗೆ ಅತ್ತೆಗೆ ಜ್ವರ ಬಂತು. ಸಂಜೆಯ ಮಳೆ ಸಂದಿಯಿಂದ ಸೋರಿ ಅವರ ಕೌದಿ ತೋಯಿಸಿತು. ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಎದ್ದವಳೇ ಹಸಿ ಹಗ್ಗ ಜಗ್ಗಿ ನಾಲ್ಕೂ ಮೂಲೆಗೆ ಕಗ್ಗಂಟು ಹಾಕಿದೆ. ಇನ್ನು ಒಂದು ಹನಿ ಬಿದ್ದರೆ ಕೇಳಿ ಎಂದು ಜಂಬವನ್ನೂ ಕೊಚ್ಚಿಕೊಂಡೆ. ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು.

ನಾಲ್ಕು ಗಂಟೆಯ ಹೊತ್ತಿಗೆ ಇಳಕಲ್ ಕಡೆಯಿಂದ ಕೆಂಧೂಳು ಎದ್ದಿತು. ಬೋರಿನ ಹತ್ತಿರ ಕೊಡ ಬಿಟ್ಟು ಓಡಿ ಬಂದೆ. ಗಂಡ ಕುರಿಗಳ ಹಿಂದೆ ದೂರವಿದ್ದ, ಕುಡಗೋಲೂ ಅವನ ಕೈಯಲ್ಲೇ. ಹಗ್ಗ ಬಿಸಿಲಿಗೆ ಒಣಗಿ ಇನ್ನಷ್ಟು ಬಿಗಿದಿತ್ತು. ಉಗುರು ಕಿತ್ತುಬಂತು, ಹಲ್ಲು ಹಚ್ಚಿದೆ, ಒಂದು ಗಂಟೂ ಸಡಿಲಲಿಲ್ಲ.

"ಅತ್ತಿ, ನಾ ಹಾಕಿದ ಗಂಟು ಬಿಚ್ಚವಲ್ದು, ಇಳೀರಿ" ಎಂದು ಕೂಗಿದೆ.

ಅವರು ಮರಿಯೊಂದನ್ನು ಅವಚಿಕೊಂಡು ಅಂಚಿಗೆ ಸರಿಯುತ್ತಿದ್ದರು. ಅಷ್ಟರಲ್ಲಿ ತಾಡಪತ್ರಿಯೊಳಗೆ ಗಾಳಿ ತುಂಬಿ ಟ್ರೇಲರು ಅವರ ಮೇಲೆಯೇ ಮಗುಚಿ ಬಿತ್ತು.

ದವಾಖಾನೆಯಲ್ಲಿ ಗಂಡ ಅತ್ತೆಯ ಮಂಚದ ಪಕ್ಕ ನಿಂತು, ಹಾಗೆ ಗಂಟು ಬಿಗಿದವರು ಯಾರು ಎಂದು ಕೇಳಿದ. ನಾನು ಅವರ ಹೊದಿಕೆ ಸರಿಮಾಡತೊಡಗಿದೆ. ಅತ್ತೆ ನನ್ನ ಮುಖ ನೋಡಿದರು.

"ನಾನ ಕಟ್ಟಿದ್ದೆ. ಜ್ವರದಾಗ ತಿಳೀಲಿಲ್ಲೋ ಅಪ್ಪಾ" ಎಂದರು.

ಮರುದಿನ ಹೋಗಿಬಿಟ್ಟರು. ಅವರನ್ನು ನೆನೆದು ಅತ್ತಷ್ಟೇ ನನ್ನ ಹೇಡಿತನಕ್ಕೂ ಅತ್ತಿದ್ದೇನೆ.

ಈ ವರ್ಷ ಮತ್ತೆ ಅದೇ ಹೊಲಗಳ ಕಡೆ ಬಂದಿದ್ದೇವೆ. ನಾನು ಗಂಟು ಹಾಕುತ್ತೇನೆ. ಗಂಡ ಒಂದೊಂದನ್ನೂ ಎಳೆದು, ಬಿಚ್ಚುತ್ತದೆಯೇ ಎಂದು ನೋಡುತ್ತಾನೆ.

"ಅವ್ವನ ಕೈಲೆ ಹೆಂಗ ತಪ್ಪಾತೋ, ತಿಳೀವಲ್ದು" ಎನ್ನುತ್ತಾನೆ, ದಿನವೂ.

ಹೇಳಬೇಕೆಂದು ಬಾಯಿ ತೆರೆಯುತ್ತೇನೆ. ಅಷ್ಟೊತ್ತಿಗೆ ಅವನು ಕುರಿಗಳ ಹಿಂದೆ ಹೊರಟಿರುತ್ತಾನೆ. ಅವನು ಎಳೆದು ಬಿಚ್ಚಿ ಹೋದ ಗಂಟುಗಳನ್ನು ನಾನು ಮತ್ತೆ ಹಾಕುತ್ತೇನೆ.