ದಾಸವಾಳದ ಬುಡದ ಸಕ್ಕರೆ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಅರಸು ಬಡಾವಣೆಯಲ್ಲಿ ನನ್ನ ಪೇರಲ ಗಿಡದ ಮೇಲೆ ದೂರು ಬಂತು. ದೂರು ತಂದವರು ಪಕ್ಕದ ಮನೆಯ ನೀಲಕ್ಕ.

"ನೋಡ್ ಬರ್ರಿ, ನಮ್ಮ ದಾಸವಾಳದ ಎಲೆಯೆಲ್ಲ ಮಸಿ ಬಳಿದಂಗೆ ಆಗೈತೆ. ಪೂಜೆಗೆ ಒಂದು ಹೂವಿಲ್ಲ. ನಿಮ್ಮ ಪೇರಲದಿಂದ್ಲೇ ಬಂದಿರೋ ರೋಗ ಇದು, ಕಡಿಸಿಬಿಡ್ರಿ ಅದನ್ನ."

ಹೋಗಿ ನೋಡಿದೆ. ಅವರ ಗಿಡದ ಚಿಗುರಿನ ತುಂಬ ಬಿಳೀ ಹಿಟ್ಟು ತಿಗಣೆ. ಅವು ರಸ ಹೀರಿ ಸುರಿಸಿದ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದಿತ್ತು. ಆ ಸಿಹಿಯ ಆಸೆಗೆ ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದವು. ಬುಡದಲ್ಲಿ ನೋಡಿದರೆ ಒಂದು ಹಿಡಿ ಸಕ್ಕರೆ!

"ಇದನ್ಯಾರು ಹಾಕಿದ್ದು ನೀಲಕ್ಕ?"

"ನಾನೇ. ದಿನಾ ಹಾಕ್ತೀನಿ. ಇರುವೆ ಹೊಟ್ಟೆ ತುಂಬಿಸಿದ್ರೆ ಪುಣ್ಯ ಅಲ್ಲೇನ್ರಿ?"

"ಆ ಇರುವೆನೇ ತಿಗಣೆಗೆ ಕಾವಲು ನಿಲ್ಲೋದು. ಸಾರಥಿ ಅನ್ನೋ ಹಳ್ಳಿಯಲ್ಲಿ ತೋಟ ಮಾಡೋ ನಮ್ಮ ಮಾವನೇ ಹೇಳಿದ್ದು. ಸಕ್ಕರೆ ಹಾಕೋದು ಬ್ಯಾಡ ಅನ್ನಲ್ಲ, ಗಿಡದಿಂದ ದೂರ ಹಾಕ್ರಿ."

"ಹಂಗಾ? ಆಯ್ತು ಬಿಡ್ರಿ" ಅಂದರು. ಇಷ್ಟು ಬೇಗ ಒಪ್ಪಿದ್ದು ನೋಡಿ ನನಗೇ ಆಶ್ಚರ್ಯ.

ಸಂಜೆ ಗಿಡಕ್ಕೆ ನೀರು ಹಾಕಲು ಹೋದೆ. ನೀಲಕ್ಕ ಮಾತು ಉಳಿಸಿಕೊಂಡಿದ್ದಾರೆ. ಸಕ್ಕರೆ ಅವರ ದಾಸವಾಳದಿಂದ ದೂರ, ನನ್ನ ಪೇರಲದ ಬುಡದಲ್ಲೈತೆ.

ಪುಣ್ಯ ಮಾತ್ರ ಕಾಂಪೌಂಡಿನ ಆಚೆಗೇ ಉಳಿದೈತೆ.