ಒಂದು ಕೈ ಕಿಸೆಯಲ್ಲಿ

ಅವರ ಎಡಗೈ ಯಾವಾಗಲೂ ಪೈಜಾಮದ ಕಿಸೆಯಲ್ಲಿ ಇರುತ್ತಿತ್ತು. ಬಲಗೈಯ ಬೆರಳುಗಳ ತುಂಬ ಬೆಸುಗೆಯ ಕಾವು ತಾಗಿದ ಕಂದು ಚುಕ್ಕೆಗಳು. ಎಡಗೈ ಮಾತ್ರ ಕೆಲಸವನ್ನೇ ಕಾಣದವರ ಕೈಯ ಹಾಗೆ ನುಣುಪಾಗಿ ಉಳಿದಿತ್ತು. ಹಿಂಬದಿ ಬಿಚ್ಚಿದ ಟೀವಿಯ ಎದುರು ಸ್ಟೂಲಿನ ಮೇಲೆ ಕೂತು, ಒಂದೇ ಕೈಯಿಂದ ಅದರ ಹೊಟ್ಟೆಯೊಳಗೆ ತಡಕಾಡುತ್ತಿದ್ದ ಅವರನ್ನು ಮೊದಲ ಸಲ ಕಂಡಾಗ, ಪಾಪ, ಇನ್ನೊಂದು ಕೈಗೆ ಏನೋ ಆಗಿರಬೇಕು ಎಂದುಕೊಂಡಿದ್ದೆ.

ಮಿರಜದ ಸ್ಟೇಷನ್ ರಸ್ತೆಯ ಒಂದು ಸಂದಿಯಲ್ಲಿ ಅವರ ರಿಪೇರಿ ಅಂಗಡಿ. ಮನೆ ಕುಪವಾಡದಲ್ಲಿ, ದಿನಾ ಸೈಕಲ್ ಮೇಲೆ ಬರುವುದು, ಹೋಗುವುದು. ಊರಿಗೆಲ್ಲ ಅವರು ಟೀವಿ ಕಾಕಾ, ನನಗೆ ಬರೀ ಕಾಕಾ.

ಹದಿನಾರು ವರ್ಷಗಳ ಹಿಂದೆ ನಾನು ಅಥಣಿ ಕಡೆಯಿಂದ ಮದುವೆಯಾಗಿ ಮಿರಜಕ್ಕೆ ಬಂದೆ. ಗಂಡನ ಮನೆಯವರು ಸಾಂಗ್ಲಿ ಪೇಟೆಯಲ್ಲಿ ಅರಿಷಿಣದ ವ್ಯಾಪಾರ ಮಾಡುವವರು, ಮೂಲ ಕನ್ನಡದವರೇ. ಆದರೆ ಮನೆಯಲ್ಲಿ ಕನ್ನಡ ದೇವರ ಜಗಲಿಯ ಮುಂದೆ ಮಾತ್ರ ಉಳಿದಿತ್ತು, ಮಿಕ್ಕದ್ದೆಲ್ಲ ಮರಾಠಿ. ನನಗೆ ಮರಾಠಿ ಬಾರದು. ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದ್ದೆ, ಆ ಇಂಗ್ಲಿಷನ್ನು ಅಡಿಗೆಮನೆಯಲ್ಲಿ ಏನು ಮಾಡುವುದು? ಸಂಜೆಯಾದರೆ ಅತ್ತೆಯವರು ಟೀವಿ ಮುಂದೆ ಕೂರುತ್ತಿದ್ದರು. ಆಗ ಬರುತ್ತಿದ್ದ ಒಂದು ಧಾರಾವಾಹಿಯಲ್ಲಿ ಹೊಸ ಸೊಸೆ ಅತ್ತೆಯ ಹಾಲಿನಲ್ಲಿ ಏನೋ ಬೆರೆಸುತ್ತಿದ್ದಳು. ಒಂದು ದಿನ ನಾನು ಹಾಲಿನ ಲೋಟ ತಂದಿಟ್ಟರೆ ಅತ್ತೆಯವರು ಟೀವಿ ನೋಡಿದರು, ನನ್ನನ್ನು ನೋಡಿದರು, ಲೋಟ ಮುಟ್ಟಲಿಲ್ಲ. ಮರುದಿನದಿಂದ ತಮ್ಮ ಹಾಲು ತಾವೇ ಕಾಸಿಕೊಳ್ಳತೊಡಗಿದರು. ಬೈದಿದ್ದರೆ ನಾನೂ ಜಗಳ ಆಡುತ್ತಿದ್ದೆ. ಯಾವ ಭಾಷೆಯಲ್ಲಿ ಎಂಬುದು ಬೇರೆ ಮಾತು. ಯಾರೋ ಬರೆದ ಕತೆಯ ಸೊಸೆಯ ಪಾಪ ನನ್ನ ತಲೆಗೆ ಬಂದಿತ್ತು, ಅದನ್ನು ಇಳಿಸುವುದು ಹೇಗೆಂದು ತಿಳಿಯದೆ ಒಳಗೊಳಗೇ ಕುದಿಯುತ್ತಿದ್ದೆ.

ದೇವರ ದಯೆ, ಟೀವಿ ಕೆಟ್ಟಿತು.

ನಮ್ಮ ಮನೆಯವರು ಪೇಟೆಗೆ ಹೊರಡುವ ಅವಸರದಲ್ಲಿದ್ದರು. ರಿಕ್ಷಾದ ಸೀಟಿನಲ್ಲಿ ಟೀವಿಯನ್ನು ಕೂರಿಸಿ, ಪಕ್ಕದಲ್ಲಿ ನಾನು ಮುದುಡಿ ಕೂತು ಕಾಕಾ ಅವರ ಅಂಗಡಿಗೆ ಹೋದೆ. ಮುರುಕು ಮರಾಠಿಯಲ್ಲಿ ಏನೋ ಹೇಳಹೊರಟಾಗ ಅವರು ಸ್ಕ್ರೂಡ್ರೈವರ್ ಎತ್ತಿ ತಡೆದರು.

"ಕನ್ನಡದಾಗ ಹೇಳ ತಂಗಿ. ಟೀವಿಗೆ ಏನಾಗೇತಿ?"

ಮೂರು ತಿಂಗಳಿಂದ ಹೊರಗಿನವರ ಬಾಯಲ್ಲಿ ಕನ್ನಡ ಕೇಳಿರಲಿಲ್ಲ. ಟೀವಿಗೆ ಏನಾಗಿದೆ ಎಂದು ಹೇಳುವ ಬದಲು ನನಗೆ ಏನಾಗಿದೆ ಎಂದು ಹೇಳಿಬಿಟ್ಟೆ, ಹಾಲಿನ ಲೋಟದ ಕತೆಯನ್ನೂ ಸೇರಿಸಿ. ಕಾಕಾ ನಗಲಿಲ್ಲ. ಟೀವಿಯ ಹಿಂಬದಿ ಬಿಚ್ಚಿ, ಒಳಗೆ ಇಣುಕಿ, ಮತ್ತೆ ಮುಚ್ಚಿದರು.

"ಪಾರ್ಟ್ ಪುಣೆದಿಂದ ಬರಬೇಕು. ಮೂರು ವಾರ ಆಗ್ತೈತಿ ಅಂತ ನಿಮ್ಮ ಅತ್ತಿಯವ್ರಿಗೆ ಹೇಳು."

"ಮೂರು ವಾರ! ನನ್ನ ಮ್ಯಾಲ ಸಿಟ್ಟಾಗ್ತಾರ್ರಿ ಕಾಕಾ."

"ನನ್ನ ಮ್ಯಾಲ ಆಗ್ಲಿ ಬಿಡು."

ಮೊದಲ ವಾರ ಅತ್ತೆಯವರು ಕಾಕಾರನ್ನು ಮನಸಾರೆ ಬೈದರು. ಎರಡನೆಯ ವಾರ ಬೇಸರ ತಾಳದೆ ನನ್ನ ಜೊತೆ ಮೆಂತ್ಯಸೊಪ್ಪು ಸೋಸಲು ಕೂತರು. ಮಾತು ಹೇಗೋ ಅವರ ತವರಿನ ಕಡೆ ಹೊರಳಿತು. ಜಮಖಂಡಿ ಹತ್ತಿರದ ಊರು. ಅವರ ಅವ್ವ ಚಳಿಗಾಲದಲ್ಲಿ ಹಾಕುತ್ತಿದ್ದ ಹಸಿಮೆಣಸಿನಕಾಯಿಯ ಕರಿಂಡಿ ಚಟ್ನಿಯ ರುಚಿ ಹೇಳತೊಡಗಿದರು. ಮರಾಠಿಯಲ್ಲಿ ಶುರುವಾದ ಮಾತು ಕರಿಂಡಿಯ ಹೊತ್ತಿಗೆ ಕನ್ನಡವಾಗಿತ್ತು, ಅದು ಅವರಿಗೇ ತಿಳಿಯಲಿಲ್ಲ. ಮೂರನೆಯ ವಾರದ ಒಂದು ಸಂಜೆ, "ಹಾಲು ಕಾಸಿದ್ರ ನನಗೂ ಅರ್ಧ ಲೋಟ ಕೊಡವಾ" ಎಂದರು. ಕೊಟ್ಟೆ. ಅವರು ಕುಡಿದು ಮುಗಿಸುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಒಳಗೆ ಹೋಗಿ ಅತ್ತುಬಿಟ್ಟೆ.

ಟೀವಿ ತರಲು ಹೋದಾಗ ಪುಣೆಯ ಪಾರ್ಟ್ ಯಾವುದು, ತೋರಿಸಿ ಎಂದೆ. ಕಾಕಾ ತಲೆ ಕೆರೆದುಕೊಂಡರು. ಒಂದು ಬೆಸುಗೆ ಬಿಟ್ಟಿತ್ತಂತೆ, ಅಷ್ಟೆ.

"ಟೀವಿ ರಿಪೇರಿ ಹತ್ತು ಮಿನಿಟಿಂದು ತಂಗಿ. ಉಳಕಿದ್ದು ನಿಮ್ಮ ಮನೀದು."

ಈ ಉಪಕಾರಕ್ಕೆ ಪ್ರತಿಯಾಗಿ ನಾನೇನು ಮಾಡಲಿ ಎಂದು ಕೇಳಿದೆ. ಅವರು ಕಪಾಟಿನ ಮೇಲಿಂದ ಒಂದು ದಪ್ಪ ಪುಸ್ತಕ ಇಳಿಸಿ ಧೂಳು ಒರೆಸಿದರು. ಇಂಗ್ಲಿಷ್ ಪುಸ್ತಕ. ರಕ್ಷಾಪುಟದ ಮೇಲೆ ಹಿಂಬದಿ ಬಿಚ್ಚಿದ ಟೀವಿಯ ಚಿತ್ರವಿತ್ತು. ಸಾಂಗ್ಲಿಯ ರದ್ದಿ ಅಂಗಡಿಯಲ್ಲಿ ಅದನ್ನು ಕಂಡು ರಿಪೇರಿಯ ಪುಸ್ತಕವೆಂದು ತಂದಿದ್ದರು. ಅವರ ಇಂಗ್ಲಿಷ್ ಕೆಪಾಸಿಟರು, ಟ್ರಾನ್ಸ್‌ಫಾರ್ಮರುಗಳಲ್ಲಿ ಮುಗಿದುಹೋಗುತ್ತಿತ್ತು.

"ಇಷ್ಟು ದಪ್ಪ ಐತಿ, ಒಳಗ ಒಂದ ಸರ್ಕಿಟ್ ಇಲ್ಲ. ಏನ್ ಬರದಾರ ನೋಡು."

ನಿಂತಲ್ಲೇ ಎರಡು ಪುಟ ಓದಿದೆ. ಟೀವಿ ನೋಡುತ್ತ ನೋಡುತ್ತ ಜನ ಯೋಚನೆ ಮಾಡುವ ರೀತಿಯೇ ಹೇಗೆ ಬದಲಾಗುತ್ತದೆ ಎಂದು ಯಾರೋ ತಿಳಿದವರು ಬರೆದಿದ್ದರು.

"ಇದು ಟೀವಿ ರಿಪೇರಿದಲ್ಲರಿ ಕಾಕಾ, ನೋಡೋರ ರಿಪೇರಿದು."

ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ, "ಹಂಗಾದ್ರ ನನಗ ಬೇಕಾದ್ದ ಐತಿ. ಓದಿ ಕನ್ನಡದಾಗ ಹೇಳು" ಎಂದರು.

ಹೀಗೆ ಪ್ರತಿ ಗುರುವಾರ ಮಧ್ಯಾಹ್ನ ನಾನು ಓದುವುದು, ಅವರು ಕೆಲಸ ಮಾಡುತ್ತ ಕೇಳುವುದು ಶುರುವಾಯಿತು. ರಕ್ಷಾಪುಟದಲ್ಲಿ ಟೀವಿ ಕಂಡರೆ ಸಾಕು, ರದ್ದಿ ಅಂಗಡಿಯಿಂದ ತರುತ್ತಿದ್ದರು. ಹಾಗೆ ತಂದದ್ದರಲ್ಲಿ ಒಂದು ಅಡಿಗೆ ಪುಸ್ತಕ, ಅದನ್ನು ಅತ್ತೆಯವರು ಇಟ್ಟುಕೊಂಡರು. ಪುಸ್ತಕ ಹೇಳಿದ್ದನ್ನೆಲ್ಲ ಕಾಕಾ ಒಪ್ಪುತ್ತಿರಲಿಲ್ಲ. ಟೀವಿ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಮಾಡುತ್ತದೆ ಎಂದು ಓದಿದರೆ, "ನಮ್ಮ ಚಾಳದಾಗ ಟೀವಿ ಬಂದಾಗ ಹತ್ತು ಮನಿ ಮಂದಿ ಒಂದ ಖೋಲ್ಯಾಗ ಕೂಡತಿದ್ರು. ಅದನ್ಯಾಕ ಬರದಿಲ್ಲ ಅವ?" ಎಂದು ಲೇಖಕನ ಜೊತೆ ಜಗಳ ತೆಗೆಯುತ್ತಿದ್ದರು. ಗಿರಾಕಿಗಳು ಏನಾದರೂ ಖಡಾಖಂಡಿತವಾಗಿ ಹೇಳಿದರೆ ಟೀವಿಯ ಕಡೆ ಕೈ ಮಾಡಿ ಕಾಕಾ ಕೇಳುವ ಪ್ರಶ್ನೆ ಒಂದೇ: "ಇದು ನಿಮ್ಮ ಮಾತೋ, ಡಬ್ಬಿ ಮಾತೋ?"

ಎಡಗೈಯ ಗುಟ್ಟು ಕೇಳಿದ್ದೂ ಅಂಥ ಒಂದು ಗುರುವಾರವೇ. ಚಾಲೂ ಇರುವ ಟೀವಿಯ ಒಳಗೆ ಎರಡೂ ಕೈ ಹಾಕಿದರೆ ಕರೆಂಟು ಒಂದು ಕೈಯಿಂದ ಹೊಕ್ಕು, ಎದೆಯ ಮೂಲಕ ಹಾದು, ಇನ್ನೊಂದರಿಂದ ಹೊರಡುತ್ತದಂತೆ. ಅದಕ್ಕೇ ಒಂದು ಕೈ ಕಿಸೆಯಲ್ಲಿ. ಅವರಿಗೆ ಕಲಿಸಿದ ಉಸ್ತಾದರು ಹೇಳಿಕೊಟ್ಟ ಮೊದಲ ಪಾಠ ಅದು. ರೂಢಿ ಎಷ್ಟು ಬಲಿತಿತ್ತೆಂದರೆ, ಪೂರ್ತಿ ನಂಬಿಕೆ ಬಾರದ ಮಾತು ಕೇಳುವಾಗಲೂ ಅವರ ಎಡಗೈ ಕಿಸೆಗೆ ಹೋಗುತ್ತಿತ್ತು. ನನ್ನ ಜೊತೆ ಮಾತ್ರ ವರ್ಷದೊಳಗೆ ಅದು ಹೊರಗೆ ಬಂತು, ಚಹಾದ ಬಸಿ ಹಿಡಿಯತೊಡಗಿತು.

"ಸೀರಿಗೆ ಕಿಸೆ ಇಲ್ಲಲ್ಲರಿ ಕಾಕಾ, ನಾವೇನ್ ಮಾಡೂದು?" ಎಂದು ಒಮ್ಮೆ ಚೇಷ್ಟೆ ಮಾಡಿದೆ.

"ಸೆರಗು ಹಿಡಕೊಂಡು ಕುಂದರ್ರಿ" ಎಂದರು.

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಒಂದು ದಿನ ಆ ಮೊದಲಿನ ದಪ್ಪ ಪುಸ್ತಕದಲ್ಲಿ ತೀರ ಕಠಿಣವಾದ ಪುಟ ಬಂತು. ಮೂರು ಸಲ ಓದಿದರೂ ತಲೆಬುಡ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಲು ನನ್ನ ಬಿ.ಎ. ಬಿಡಲಿಲ್ಲ. ಕಾಕಾ ಕಾಯುತ್ತಿದ್ದರು. ಎದುರಿಗೆ ಚಾಲೂ ಟೀವಿ, ಕಿಸೆಯಲ್ಲಿ ಅವರ ಕೈ. "ಏನಂತಾರಂದ್ರ," ಎಂದು ಶುರುಮಾಡಿದೆ, "ರಿಪೇರಿ ಮಾಡೋರಷ್ಟ ಅಲ್ಲ, ನೋಡೋರೂ ಒಂದು ಕೈ ಕಿಸೆದಾಗ ಇಟ್ಕೊಂಡ ಟೀವಿ ನೋಡಬೇಕಂತ."

ಕಾಕಾ ಸ್ಕ್ರೂಡ್ರೈವರ್ ಕೆಳಗಿಟ್ಟರು. ಎಲ್ಲೋ ಸಮುದ್ರದಾಚೆಯ ವಿದ್ವಾಂಸನಿಗೆ ತಮ್ಮ ಉಸ್ತಾದರ ಪಾಠ ಗೊತ್ತಿದೆಯಲ್ಲ ಎಂದು ಅವರ ಕಣ್ಣು ತುಂಬಿ ಬಂತು. ಆಗಲೇ ನಿಜ ಹೇಳಬೇಕಿತ್ತು, ಹೇಳಲಿಲ್ಲ. ಮುಂದಿನ ಗುರುವಾರ ಹೋದಾಗ ಅಂಗಡಿಯ ಗೋಡೆಯ ಮೇಲೆ ಆ ಮಾತನ್ನು ಮರಾಠಿಯಲ್ಲಿ, ಕೆಂಪು ಬಣ್ಣದಲ್ಲಿ ಬರೆಸಿದ್ದರು. ಕೆಳಗೆ: ದೊಡ್ಡ ಪುಸ್ತಕದ ಮಾತು.

ಎಂಟು ವರ್ಷ ಅದು ಅಲ್ಲೇ ಇತ್ತು. ಬಂದವರಿಗೆಲ್ಲ ಕಾಕಾ ಓದಿ ಹೇಳುತ್ತಿದ್ದರು. ಒಂದು ದಿನ ಸಾಂಗ್ಲಿಯ ಕಾಲೇಜಿನ ಇಂಗ್ಲಿಷ್ ಮೇಷ್ಟ್ರೊಬ್ಬರು ಅದನ್ನು ನೋಡಿ ಖುಷಿಪಟ್ಟು, ಪುಸ್ತಕ ಕೇಳಿ ಒಯ್ದು, ವಾರದ ಮೇಲೆ ತಂದುಕೊಟ್ಟು, ಇದರಲ್ಲಿ ಹಾಗೆಲ್ಲೂ ಇಲ್ಲ ಎಂದರಂತೆ. ಕಾಕಾ ನಗುತ್ತಲೇ ನನಗೆ ಇದನ್ನು ಹೇಳಿ ಪುಸ್ತಕ ಮುಂದೆ ಹಿಡಿದರು.

"ಮಾಸ್ತರಿಗೆ ಸಿಗಲಿಲ್ಲಂತ ನೋಡು. ನೀ ಹುಡುಕಿ ಕೊಡು, ಗುರ್ತ ಹಾಕಿ ಇಡ್ತೇನಿ."

ನಾನು ಪುಸ್ತಕ ತೆಗೆದುಕೊಳ್ಳಲಿಲ್ಲ. "ಅದು ಪುಸ್ತಕದಾಗ ಇಲ್ಲರಿ ಕಾಕಾ. ನನಗ ಆ ಪುಟ ತಿಳೀಲಿಲ್ಲ. ನಿಮ್ಮ ಕೈ ನೋಡಿ ಹೇಳಿದೆ."

ಅವರು ಎಡಗೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟರು. ಎಡಗೈ ಕಿಸೆಗೆ ಹೋಯಿತು. "ಎಷ್ಟು ಮಂದಿಗೆ ಹೇಳೇನಿ ನಾ" ಎಂದಷ್ಟೇ ಅಂದು ಟೀವಿಯ ಕಡೆ ತಿರುಗಿ ಕೂತರು. ಅವರು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಎರಡು ಗುರುವಾರ ಅಂಗಡಿಯ ಕಡೆ ಹೋಗುವ ಮುಖ ನನಗಿರಲಿಲ್ಲ.

ಮೂರನೆಯ ಗುರುವಾರ ಅವರೇ ನಮ್ಮ ಮನೆಗೆ ಬಂದರು. ಅತ್ತೆಯವರು "ಬರ್ರಿ, ಕುಂದರ್ರಿ" ಎಂದು ಬಿಸಿ ಹಾಲು ತಂದುಕೊಟ್ಟರು. ಕಾಕಾ ಅರ್ಧ ಲೋಟ ಕುಡಿದರು. ಆಮೇಲೆ ಕೇಳಿದರು.

"ಡಬ್ಬಿ ಮಾತಲ್ಲ. ಪುಸ್ತಕದ್ದೂ ಅಲ್ಲ. ಮತ್ತ ಯಾರದದು?"

"ನಂದರಿ."

"ನಂದು ಅಂತ ಯಾಕ ಹೇಳಲಿಲ್ಲ ಅವತ್ತ?"

"ಹೇಳಿದ್ರ ನೀವು ಗ್ವಾಡಿ ಮ್ಯಾಲ ಬರಸ್ತಿದ್ರೇನು?"

ಕಾಕಾ ಯೋಚಿಸಿದರು. "ಖರೆ. ಬರಸ್ತಿರಲಿಲ್ಲ." ಲೋಟ ಕೆಳಗಿಟ್ಟು ತಮ್ಮ ಎರಡೂ ಅಂಗೈ ಬಿಡಿಸಿ ನೋಡಿಕೊಂಡರು. "ಮಂದಿ ಟೀವ್ಯಾಗ ಬಂದೈತಿ ಅಂತಾರ ಅಂತ ನಗತಿದ್ದೆ. ನಾ ಪುಸ್ತಕದಾಗ ಬಂದೈತಿ ಅಂದೆ. ಪುಸ್ತಕದ ಮುಂದ ಎರಡೂ ಕೈ ಹೊರಗ ಇಟ್ಟಿದ್ದೆ ತಂಗಿ."

ಚೀಲದಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. "ಇನ್ನ ನಿನ್ನ ಮಾತು ನಿನ್ನ ಹೆಸರ್ಲೇ ಬರಿ" ಎಂದು ಎದ್ದರು. ಗೋಡೆಯ ಮೇಲೆ ಕೆಳಗಿನ ಸಾಲಿಗೆ ಸುಣ್ಣ ಬಳಿಸಿ, ಅಲ್ಲಿ 'ನಮ್ಮ ತಂಗಿ ಅಂತಾಳ' ಎಂದು ಬರೆಸಿದ್ದನ್ನು ಆ ವಾರವೇ ನೋಡಿ ಬಂದೆ. ನಾನು ಬರೆಯಲು ಶುರುಮಾಡಿದ್ದು ಆ ನೋಟ್‌ಬುಕ್ಕಿನಲ್ಲಿ.

ಹೋದ ವರ್ಷ ದಸರೆಯ ಮುಂಚೆ ಕಾಕಾ ಮಿರಜದ ಒಂದು ಆಸ್ಪತ್ರೆಯಲ್ಲಿ ಮಲಗಿದರು. ನಾನು ಹೋದಾಗ ವಾರ್ಡಿನ ಗೋಡೆಯ ಟೀವಿಯಲ್ಲಿ ಯಾರೋ ಯಾರ ಮೇಲೋ ಕೂಗಾಡುತ್ತಿದ್ದರು. ಕಾಕಾರ ಎಡಗೈ ಮಗ್ಗುಲಲ್ಲಿ ಏನನ್ನೋ ತಡಕುತ್ತಿತ್ತು. ನನ್ನನ್ನು ನೋಡಿ, "ಈ ಅಂಗಿಗೆ ಕಿಸೆ ಇಲ್ಲ ತಂಗಿ" ಎಂದರು.

ನನ್ನ ಸೆರಗಿನ ತುದಿಯನ್ನು ಅವರ ಮುಷ್ಟಿಯಲ್ಲಿಟ್ಟೆ. ಅವರಿಗೆ ನೆನಪಾಯಿತು, ತುಟಿ ಸ್ವಲ್ಪ ನಕ್ಕಿತು. ಹಾಗೇ ಹಿಡಿದುಕೊಂಡು ನಿದ್ದೆ ಹೋದರು. ಮನೆಗೆ ಹೊರಡುವ ಹೊತ್ತಾದರೂ ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ, ಅವರೇ ಮಗ್ಗುಲು ಬದಲಿಸುವ ತನಕ ಕೂತೇ ಇದ್ದೆ. ಎರಡು ದಿನದ ಮೇಲೆ ಹೋಗಿಬಿಟ್ಟರು.

ಈಗ ನಾನು ಬರೆದದ್ದನ್ನು ಓದಿ, ಇದು ಯಾವ ಪುಸ್ತಕದಲ್ಲಿದೆ ಎಂದು ಯಾರಾದರೂ ಕೇಳುತ್ತಾರೆ. ನನ್ನದು ಎನ್ನುತ್ತೇನೆ. ಹಾಗೆನ್ನುವಾಗಲೂ ಎಡಗೈ ತಾನಾಗಿ ಸೆರಗು ಹಿಡಿದುಕೊಳ್ಳುತ್ತದೆ.